ಫ್ರಾಂಕ್ಲಿನ್ನನ ಇನ್ನೂರು ವರ್ಷದ ಉಯಿಲು

ದೊಡ್ಡವರ ಬಾಳನ್ನು ತಿಳಿಯಬೇಕೆನ್ನುವವರು ಅವರ ಆತ್ಮಕಥೆಯನ್ನು ಓದುತ್ತಾರೆ, ಪತ್ರಗಳನ್ನು ಓದುತ್ತಾರೆ, ಭಾಷಣಗಳನ್ನು ಓದುತ್ತಾರೆ. ಅವರು ಬರೆದಿಟ್ಟು ಹೋದ ಉಯಿಲನ್ನು ಓದುವವರು ವಿರಳ. ಅದು ವಕೀಲರ ಸೊತ್ತು, ಒಣ ಬರವಣಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೋರ್ಟು ಕಚೇರಿಗಳ ಕಾಗದಪತ್ರಗಳ ನಡುವೆ ಬಹುಕಾಲ ಕಳೆದ ನನಗೆ ಮಾತ್ರ ಎಂದೂ ಹಾಗೆನಿಸಿಲ್ಲ. ಆತ್ಮಕಥೆಯನ್ನು ಬರೆಯುವಾಗ ಮನುಷ್ಯನ ಕಣ್ಣು ಓದುಗನ ಮೇಲಿರುತ್ತದೆ. ಉಯಿಲನ್ನು ಬರೆಯುವಾಗ ಅವನು ತನ್ನ ಮನೆಯವರ ಮುಖವನ್ನು ಒಂದೊಂದಾಗಿ ನೆನೆಯಬೇಕಾಗುತ್ತದೆ. ಯಾರ ಮೇಲೆ ಪ್ರೀತಿ, ಯಾರ ಮೇಲೆ ಮುನಿಸು, ಯಾರಲ್ಲಿ ನಂಬಿಕೆ ಎಂಬುದನ್ನು ರೂಪಾಯಿ ಆಣೆಗಳಲ್ಲಿ ಹೇಳಬೇಕಾಗುತ್ತದೆ. ಅಲ್ಲಿ ಮರೆಮಾಚಲು ಎಡೆ ಕಡಿಮೆ.

ಬೆಂಜಮಿನ್ ಫ್ರಾಂಕ್ಲಿನ್ನನ ಆತ್ಮಕಥೆ ನಮ್ಮ ವಿದ್ಯಾವಂತರಿಗೆ ಅಪರಿಚಿತವಲ್ಲ. ಮೇಣದ ಬತ್ತಿ ಮಾಡುವವನ ಮಗ ಅಚ್ಚುಮೊಳೆ ಜೋಡಿಸಿ ಮೇಲೆ ಬಂದ ಆ ಕಥೆಯನ್ನು ಹಲವರು ಶಾಲೆಯಲ್ಲಿಯೇ ಓದಿದ್ದಾರೆ. ಆದರೆ ಆ ಗ್ರಂಥ ಅಪೂರ್ಣ. ಅವನ ಐವತ್ತೊಂದು ಐವತ್ತೆರಡನೆಯ ವಯಸ್ಸಿನ ಸುಮಾರಿಗೆ ಅದು ನಿಂತುಬಿಡುತ್ತದೆ. ಅನಂತರದ ಮೂವತ್ತು ವರ್ಷಗಳು, ಅಂದರೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ, ಫ್ರಾನ್ಸಿನ ರಾಯಭಾರ, ರಾಜ್ಯಾಂಗದ ರಚನೆ, ಇವಾವುವೂ ಅದರಲ್ಲಿಲ್ಲ. ಆ ಕಥೆಯ ಕೊನೆಯ ಅಧ್ಯಾಯವನ್ನು ನಾನು ಅವನ ಉಯಿಲಿನಲ್ಲಿಯೂ, ಅದಕ್ಕೆ ಅವನು ಸೇರಿಸಿದ ಪುರವಣಿ ಪತ್ರದಲ್ಲಿಯೂ ಓದಿಕೊಂಡಿದ್ದೇನೆ. ಉಯಿಲಿನ ತಾರೀಖು 1788ರ ಜುಲೈ 17. ಪುರವಣಿಯದು 1789ರ ಜೂನ್ 23. ಅದಾದ ಹತ್ತು ತಿಂಗಳೊಳಗೆ, 1790ರ ಏಪ್ರಿಲ್ 17ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಆದರೆ ಅವನ ಪುರವಣಿಯ ಒಂದು ಭಾಗ ತನ್ನ ಕೆಲಸವನ್ನು ಮುಗಿಸಿದ್ದು 1990ರ ಬಳಿಕ!

ಮೊದಲು ಬಾಳಿನ ನಡೆಯನ್ನು ಸ್ಥೂಲವಾಗಿ ನೆನೆಯೋಣ. ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಬೋಸ್ಟನ್ ಪಟ್ಟಣದಲ್ಲಿ. ತಂದೆಗೆ ಇಬ್ಬರು ಹೆಂಡಿರಲ್ಲಿ ಹದಿನೇಳು ಮಕ್ಕಳು, ಇವನು ಹದಿನೈದನೆಯವನು. ಶಾಲೆಯ ಭಾಗ್ಯ ಎರಡು ವರ್ಷಕ್ಕೆ ಮುಗಿಯಿತು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ ಕರಾರುಪತ್ರಕ್ಕೆ ಒಳಪಟ್ಟ ಶಿಷ್ಯನಾದ. ಅಣ್ಣನ ಏಟು ತಾಳಲಾರದೆ ಹದಿನೇಳನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಾ ನಗರಕ್ಕೆ ಓಡಿಹೋದ. ಅಲ್ಲಿಯ ಗವರ್ನರನೊಬ್ಬನು ಹಣದ ನೆರವಿನ ಆಸೆ ತೋರಿಸಿ ಅವನನ್ನು ಲಂಡನ್ನಿಗೆ ಕಳುಹಿಸಿ ಕೈಬಿಟ್ಟ. ಹಿಂದಿರುಗಿ ಬಂದು 1728ರಲ್ಲಿ ಪಾಲುಗಾರನೊಡನೆ ಸ್ವಂತ ಅಚ್ಚುಕೂಟ ತೆರೆದ. ಪಾಲುಗಾರನ ಕಡೆಯ ಹಣ ಬಾರದೆ ಅದು ಮುಳುಗುವಂತಿತ್ತು. ಆಗ ಇಬ್ಬರು ಸ್ನೇಹಿತರು ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆಯಾಗಿ ಬಂದು, ಕೇಳದೆಯೇ ಸಾಲ ಕೊಡುವೆವೆಂದರು. ಆ ಸಾಲದ ಬಲದಿಂದ ಅಂಗಡಿ ಅವನ ಕೈಯಲ್ಲಿ ಉಳಿಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಪಂಚಾಂಗ, ಪತ್ರಿಕೆ, ಸರ್ಕಾರದ ಮುದ್ರಣ ಎಲ್ಲವೂ ಕೈಗೂಡಿ, 1748ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವನು ವ್ಯಾಪಾರದಿಂದ ನಿವೃತ್ತನಾಗುವಷ್ಟು ಸಿರಿವಂತನಾದ.

ಆ ಇಬ್ಬರು ಸ್ನೇಹಿತರ ಸಾಲವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಫ್ರಾಂಕ್ಲಿನ್ ಅದನ್ನು ಅರವತ್ತು ವರ್ಷ ಮರೆಯಲಿಲ್ಲ.

ಇನ್ನು ಉಯಿಲಿಗೆ ಬರೋಣ. ಮೊದಲ ಸಾಲುಗಳಲ್ಲಿಯೇ ಮಗನ ಮಾತು ಬರುತ್ತದೆ. ವಿಲಿಯಂ ಅವನಿಗೆ ಮದುವೆಯ ಹೊರಗೆ ಹುಟ್ಟಿದ ಮಗ. ಆದರೆ ಮನೆಯಲ್ಲಿಯೇ ಬೆಳೆಸಿದ, ಓದಿಸಿದ, ಗಾಳಿಪಟದ ಪ್ರಸಿದ್ಧ ಪ್ರಯೋಗದಲ್ಲಿ ಜೊತೆಗೆ ನಿಲ್ಲಿಸಿಕೊಂಡ ಮಗ. ತಂದೆಯ ಪ್ರಭಾವದಿಂದ ನ್ಯೂಜೆರ್ಸಿ ಪ್ರಾಂತದ ಗವರ್ನರನಾದ. 1776ರಲ್ಲಿ ತಂದೆ ಸ್ವಾತಂತ್ರ್ಯದ ಘೋಷಣೆಗೆ ರುಜು ಹಾಕಿದರೆ, ಮಗ ಇಂಗ್ಲೆಂಡಿನ ದೊರೆಯ ಪಕ್ಷದಲ್ಲಿ ನಿಂತು ಸೆರೆಮನೆ ಸೇರಿದ. ಅವನು ಸೆರೆಯಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಳು. ಯುದ್ಧ ಮುಗಿದ ಮೇಲೆ ತಂದೆ ಮಕ್ಕಳು 1785ರಲ್ಲಿ ಸೌತಾಂಪ್ಟನ್ ರೇವಿನಲ್ಲಿ ಕಡೆಯ ಬಾರಿ ಭೇಟಿಯಾದರು. ಆ ಭೇಟಿಯಲ್ಲಿಯೂ ನಡೆದದ್ದು ಲೆಕ್ಕಾಚಾರವೇ. ಉಯಿಲಿನಲ್ಲಿ ಮಗನಿಗೆ ಸಿಕ್ಕಿದ್ದು ನೋವಾ ಸ್ಕೋಷಿಯಾದ ಜಮೀನಿನ ಹಕ್ಕು, ಆಗಲೇ ಅವನ ವಶದಲ್ಲಿದ್ದ ಪುಸ್ತಕಗಳು, ಹಳೆಯ ಸಾಲದ ಮನ್ನಾ ಇಷ್ಟೇ. ಕಾರಣವನ್ನೂ ಫ್ರಾಂಕ್ಲಿನ್ ಮುಚ್ಚಿಡಲಿಲ್ಲ: ಯುದ್ಧದಲ್ಲಿ ಮಗನ ಪಕ್ಷ ಗೆದ್ದಿದ್ದರೆ ತನ್ನ ಆಸ್ತಿಯೇ ಉಳಿಯುತ್ತಿರಲಿಲ್ಲ, ಅದನ್ನು ಕಿತ್ತುಕೊಳ್ಳಲು ಹೊರಟವನಿಗೆ ಅದರಲ್ಲಿ ಹೆಚ್ಚಿನ ಪಾಲು ಏಕೆ ಎಂಬ ಅಭಿಪ್ರಾಯವನ್ನು ಬರೆದೇ ಇಟ್ಟ.

ಮಗಳ ಮತ್ತು ತಂಗಿಯ ವಿಷಯದಲ್ಲಿ ಇದೇ ಲೇಖನಿ ಎಷ್ಟು ಮೃದುವಾಗುತ್ತದೆ ನೋಡಿ. ತಂಗಿ ಜೇನ್ ಮೀಕಂ ಬೋಸ್ಟನ್ನಿನಲ್ಲಿ ಬಡತನದಲ್ಲಿ ಬೆಂದವಳು. ಹನ್ನೆರಡು ಮಕ್ಕಳನ್ನು ಹೆತ್ತು ಒಬ್ಬ ಮಗಳ ಹೊರತು ಉಳಿದೆಲ್ಲರನ್ನೂ ಕಳೆದುಕೊಂಡವಳು. ಅವಳಿಗೆ ಅವಳು ವಾಸವಿದ್ದ ಮನೆಯನ್ನು ಪೂರ್ಣ ಹಕ್ಕಿನಿಂದ ಕೊಟ್ಟ. ಅಷ್ಟೇ ಅಲ್ಲ, ತಾನು ಕೊಂಡಿದ್ದ ಬ್ಯಾಂಕಿನ ಹನ್ನೆರಡು ಷೇರುಗಳ ಲಾಭಾಂಶದಿಂದ ವರ್ಷಕ್ಕೆ ಐವತ್ತು ಪೌಂಡು ಅವಳಿಗೆ ಜೀವಾವಧಿ ಸಲ್ಲಬೇಕು, ಅವಳ ಕಾಲಾನಂತರ ಆ ಷೇರುಗಳು ಮಗಳು ಸಾರಾ ಮತ್ತು ಅಳಿಯ ರಿಚರ್ಡ್ ಬೇಚ್ ಇವರಿಗೆ ಸೇರಬೇಕು ಎಂದ. ಆ ಷೇರುಗಳಿಂದ ಬರುವ ಲಾಭ ಮಾತ್ರ ಮಗಳ ಸ್ವಂತ ಕೈಖರ್ಚಿನ ಹಣವಾಗಿರಬೇಕೆಂದು ಬೇರೆಯಾಗಿ ಹೇಳಿದ.

ಟ್ರಸ್ಟ್ ಎಂಬುದರ ಮೂಲತತ್ತ್ವವನ್ನು ತಿಳಿಯಬಯಸುವವರಿಗೆ ಈ ಹನ್ನೆರಡು ಷೇರುಗಳಿಗಿಂತ ಒಳ್ಳೆಯ ಪಾಠವನ್ನು ನಾನು ಕಾಣೆ. ಇಲ್ಲಿ ಟ್ರಸ್ಟ್ ಎಂಬ ಹೆಸರಿಲ್ಲ. ಆದರೆ ಅದರ ಜೀವಾಳವಿದೆ. ಸಾಮಾನ್ಯ ದಾನದಲ್ಲಿ ವಸ್ತು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ತಂಗಿಗೆ ಷೇರುಗಳನ್ನೇ ಕೊಟ್ಟಿದ್ದರೆ ಸಾಲಗಾರರೋ ನೆಂಟರೋ ಅವನ್ನು ಕರಗಿಸಬಹುದಾಗಿತ್ತು. ಮಗಳಿಗೆ ಕೊಟ್ಟಿದ್ದರೆ ತಂಗಿ ಸೊಸೆಯಂದಿರ ಮುಖ ನೋಡುವ ಅತ್ತೆಯಂತೆ ಅಣ್ಣನ ಮಗಳ ಮುಖ ನೋಡಬೇಕಾಗಿತ್ತು. ಫ್ರಾಂಕ್ಲಿನ್ ಅಸಲನ್ನು ಒಂದು ಕಡೆ ನಿಲ್ಲಿಸಿದ, ಫಲವನ್ನು ಇನ್ನೊಂದು ಕಡೆಗೆ ಹರಿಸಿದ. ಮರ ಒಬ್ಬರದು, ಹಣ್ಣು ಒಬ್ಬರದು, ಕಾಲ ಬಂದಾಗ ಮರ ಯಾರ ಪಾಲಿಗೆ ಎಂಬುದೂ ಮೊದಲೇ ಗೊತ್ತು. ಮಗಳ ಕೈಖರ್ಚಿನ ಮಾತಿಗೂ ಅರ್ಥವಿದೆ. ಅಂದಿನ ಇಂಗ್ಲಿಷ್ ನ್ಯಾಯದಲ್ಲಿ ಮದುವೆಯಾದ ಹೆಂಗಸಿನ ಹಣ ಗಂಡನ ಹಣವಾಗಿಬಿಡುತ್ತಿತ್ತು. ನಮ್ಮ ಧರ್ಮಶಾಸ್ತ್ರಗಳು ಸ್ತ್ರೀಧನವೆಂದು ಕರೆದು ಕಾಪಾಡಿದ ಹಕ್ಕು ಅಲ್ಲಿ ಹಾಗೆ ಸಹಜವಾಗಿ ಇರಲಿಲ್ಲ. ಅವಳ ಪ್ರತ್ಯೇಕ ಉಪಯೋಗಕ್ಕೆಂದು ಕೊಡುವವನೇ ಸ್ಪಷ್ಟವಾಗಿ ಬರೆದಿಡಬೇಕಾಗಿತ್ತು. ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದ ಅಳಿಯನನ್ನು ಬಲ್ಲ ಮಾವನ ಎಚ್ಚರ ಅದು. ಆ ಅಳಿಯನ ಎರಡು ಸಾವಿರ ಪೌಂಡಿಗೂ ಮೀರಿದ ಸಾಲವನ್ನು ಮನ್ನಾ ಮಾಡುವಾಗ, ಅದಕ್ಕೆ ಪ್ರತಿಯಾಗಿ ಅವನ ಬಳಿಯಿದ್ದ ಬಾಬ್ ಎಂಬ ಗುಲಾಮನನ್ನು ತನ್ನ ಮರಣವಾದೊಡನೆ ಬಿಡುಗಡೆ ಮಾಡಬೇಕೆಂದೂ ಫ್ರಾಂಕ್ಲಿನ್ ಕೋರಿದ. ಒಂದು ಕಾಲಕ್ಕೆ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದವನು, ಕೊನೆಗಾಲದಲ್ಲಿ ಆ ಪದ್ಧತಿಯ ವಿರುದ್ಧದ ಸಂಘದ ಅಧ್ಯಕ್ಷನಾಗಿದ್ದ.

ಇಷ್ಟು ಮನೆಯ ಮಾತಾಯಿತು. ಪುರವಣಿಯಲ್ಲಿರುವುದು ಊರಿನ ಮಾತು. ಪ್ರಜಾರಾಜ್ಯದಲ್ಲಿ ಅಧಿಕಾರಿಗಳು ಸಂಬಳ ತೆಗೆದುಕೊಳ್ಳಬಾರದೆಂಬುದು ಫ್ರಾಂಕ್ಲಿನ್ನನ ನಂಬಿಕೆ. 1785ರಿಂದ ಮೂರು ವರ್ಷ ಪೆನ್ಸಿಲ್ವೇನಿಯಾ ರಾಜ್ಯದ ಅಧ್ಯಕ್ಷನಾಗಿದ್ದಾಗ ಬಂದ ಸಂಬಳವನ್ನು ಸಾರ್ವಜನಿಕರಿಗೇ ಹಿಂದಿರುಗಿಸಲು ನಿಶ್ಚಯಿಸಿದ. ಮೊದಲು ಎರಡು ಸಾವಿರ ಪೌಂಡನ್ನು ಒಂದು ನದಿಯನ್ನು ನೌಕಾಯಾನಕ್ಕೆ ತಕ್ಕಂತೆ ಮಾಡಲು ಬರೆದಿದ್ದ. ಮರುವರ್ಷ ಅದನ್ನು ರದ್ದುಮಾಡಿ, ಹುಟ್ಟೂರು ಬೋಸ್ಟನ್ನಿಗೆ ಸಾವಿರ, ಸಾಕಿದ ಊರು ಫಿಲಡೆಲ್ಫಿಯಾಕ್ಕೆ ಸಾವಿರ ಎಂದು ಬದಲಿಸಿದ.

ಈ ಬದಲಾವಣೆಯ ಹಿಂದೆ ಒಂದು ವಿನೋದದ ಕಥೆಯಿದೆ. ಫ್ರಾಂಕ್ಲಿನ್ ತನ್ನ ಪಂಚಾಂಗದಲ್ಲಿ ಬಡ ರಿಚರ್ಡನೆಂಬ ಹೆಸರಿನಿಂದ ಮಿತವ್ಯಯದ ಉಪದೇಶ ಬರೆಯುತ್ತಿದ್ದ. ಮಾತೋನ್ ದ ಲಾ ಕೂರ್ ಎಂಬ ಫ್ರೆಂಚ್ ಲೇಖಕನು 1785ರಲ್ಲಿ ಅದಕ್ಕೆ ಪ್ರತಿಯಾಗಿ ಭಾಗ್ಯವಂತ ರಿಚರ್ಡನ ಉಯಿಲನ್ನು ಕಲ್ಪಿಸಿ ಬರೆದ. ಚಿಕ್ಕ ಮೊತ್ತಗಳನ್ನು ಚಕ್ರಬಡ್ಡಿಗೆ ಬಿಟ್ಟು, ನೂರು ನೂರು ವರ್ಷಗಳಿಗೊಮ್ಮೆ ಅದರಿಂದ ಲೋಕೋದ್ಧಾರ ಮಾಡುವ ಹುಚ್ಚು ಯೋಜನೆ ಅದರಲ್ಲಿತ್ತು. ಫ್ರಾಂಕ್ಲಿನ್ ಅದನ್ನು ಓದಿ ಲೇಖಕನಿಗೆ ಕೃತಜ್ಞತೆ ತಿಳಿಸಿ, ಆ ಯೋಜನೆಯನ್ನು ನಿಜವಾಗಿಯೂ ನಡೆಸಲು ಹೊರಟ!

ಯೋಜನೆಯ ವಿವರಗಳು ಕೇಳಲು ಸೊಗಸಾಗಿವೆ. ಸಾವಿರ ಪೌಂಡನ್ನು ಆಯಾ ಊರಿನ ಆಡಳಿತಗಾರರು ಧರ್ಮದರ್ಶಿಗಳಾಗಿ ಹಿಡಿದಿರಬೇಕು. ಅದರಿಂದ ಇಪ್ಪತ್ತೈದು ವರ್ಷಕ್ಕೆ ಒಳಗಿನ, ಮದುವೆಯಾದ, ಅದೇ ಊರಿನಲ್ಲಿ ಶಿಷ್ಯವೃತ್ತಿಯನ್ನು ನಿಷ್ಠೆಯಿಂದ ಮುಗಿಸಿದ ಕಸಬುದಾರರಿಗೆ ಹದಿನೈದರಿಂದ ಅರವತ್ತು ಪೌಂಡಿನವರೆಗೆ ಸಾಲ ಕೊಡಬೇಕು. ನಡತೆಗೆ ಇಬ್ಬರು ಗೌರವಸ್ಥರ ಜಾಮೀನು. ಬಡ್ಡಿ ನೂರಕ್ಕೆ ಐದು. ಅಸಲು ವರ್ಷಕ್ಕೆ ಹತ್ತರಲ್ಲೊಂದು ಪಾಲಿನಂತೆ ಹಿಂದಕ್ಕೆ. ಬಂದ ಹಣ ಮತ್ತೆ ಹೊಸಬರಿಗೆ ಸಾಲ. ಕಾರಣವನ್ನೂ ಅವನೇ ಹೇಳಿದ್ದಾನೆ: ಯೌವನದಲ್ಲಿ ಇಬ್ಬರು ಸ್ನೇಹಿತರು ಕೊಟ್ಟ ಸಾಲವೇ ತನ್ನ ಭಾಗ್ಯಕ್ಕೆ ತಳಹದಿಯಾಯಿತು, ಆ ಉಪಕಾರವನ್ನು ಸತ್ತ ಮೇಲೆಯೂ ಮುಂದಕ್ಕೆ ಸಾಗಿಸಬೇಕೆಂಬ ಬಯಕೆ.

ಹೀಗೆ ನೂರು ವರ್ಷ ನಡೆದರೆ ಸಾವಿರ ಪೌಂಡು 1,31,000 ಆಗುವುದೆಂದು ಲೆಕ್ಕ ಹಾಕಿದ. ಅದರಲ್ಲಿ ಒಂದು ಲಕ್ಷವನ್ನು ನೀರಿನ ಕೊಳವೆ, ಸೇತುವೆ, ಕಟ್ಟಡ ಮೊದಲಾದ ಊರ ಕೆಲಸಗಳಿಗೆ ಬಳಸಿ, 31,000ವನ್ನು ಮತ್ತೆ ನೂರು ವರ್ಷ ಸಾಲಕ್ಕೆ ಬಿಡಬೇಕು. ಇನ್ನೂರು ವರ್ಷದ ಕೊನೆಗೆ ನಲವತ್ತು ಲಕ್ಷಕ್ಕೂ ಮಿಕ್ಕಿದ ಮೊತ್ತವಾಗುತ್ತದೆ; ಅದನ್ನು ಊರೂ ರಾಜ್ಯವೂ ಹಂಚಿಕೊಳ್ಳಲಿ. ಅಲ್ಲಿಂದಾಚೆಗೆ ತನ್ನ ದೃಷ್ಟಿಯನ್ನು ಚಾಚುವ ಧೈರ್ಯ ತನಗಿಲ್ಲವೆಂದು ನಿಲ್ಲಿಸಿದ.

ಇಲ್ಲಿ ಒಂದು ಸಂಶಯ ಏಳುವುದು ಸಹಜ. ಸತ್ತವನು ಇನ್ನೂರು ವರ್ಷ ಆಸ್ತಿಯನ್ನು ಕಟ್ಟಿಹಾಕಬಹುದೇ? ತನ್ನ ವಂಶದವರಿಗಾಗಿ ಆದರೆ ಕೂಡದು. ಇಂಗ್ಲಿಷ್ ನ್ಯಾಯದ ಹಾದಿ ಹಿಡಿದ ಹಲವು ದೇಶಗಳಲ್ಲಿ ಬಹುಕಾಲದಿಂದ ಇದಕ್ಕೊಂದು ಎಲ್ಲೆಯಿದೆ. ನಮ್ಮಲ್ಲಿ ಆ ಎಲ್ಲೆ ಈಗ ಬದುಕಿರುವವರ ಆಯುಸ್ಸು, ಅದರ ಮೇಲೆ ಮುಂದೆ ಹುಟ್ಟುವ ಮಗು ಪ್ರಾಪ್ತವಯಸ್ಸಿಗೆ ಬರುವ ಕಾಲ ಇಷ್ಟು. ಸತ್ತವರ ಕೈ ಬದುಕಿರುವವರ ಕುತ್ತಿಗೆಯ ಮೇಲೆ ಸದಾ ಇರಬಾರದೆಂಬುದು ಇದರ ನ್ಯಾಯ. ಆದರೆ ಧರ್ಮಕಾರ್ಯಕ್ಕೆ ಬಿಟ್ಟ ಆಸ್ತಿಗೆ ಈ ಎಲ್ಲೆಯಿಲ್ಲ. ಕಲ್ಲಿನ ಶಾಸನಗಳಲ್ಲಿ ಚಂದ್ರಸೂರ್ಯರಿರುವ ತನಕ ಎಂದು ದತ್ತಿ ಬಿಡುತ್ತಿದ್ದ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದ 1882ರ ಟ್ರಸ್ಟ್ ಕಾಯಿದೆಯೂ ಖಾಸಗಿ ಟ್ರಸ್ಟುಗಳಿಗೆ ಮಾತ್ರ ಅನ್ವಯಿಸುತ್ತದೆ. ಸಾರ್ವಜನಿಕ ಧರ್ಮದತ್ತಿಗಳ ದಾರಿ ಬೇರೆ.

ಎರಡಕ್ಕೂ ಬೇಕಾದ ಅಂಗಗಳು ಮಾತ್ರ ಹೆಚ್ಚು ಕಡಿಮೆ ಒಂದೇ. ಬಿಡುವ ಕರ್ತೃವೊಬ್ಬ, ಹಿಡಿದು ನಡೆಸುವ ಧರ್ಮದರ್ಶಿ, ಫಲ ಉಣ್ಣುವವರು, ಇಂಥದೆಂದು ಗುರುತಿಸಬಲ್ಲ ಆಸ್ತಿ, ಸಂದೇಹವಿಲ್ಲದ ಉದ್ದೇಶ. ಇವುಗಳಲ್ಲಿ ಧರ್ಮದರ್ಶಿಯ ಪಾತ್ರವೇ ಕಠಿನವಾದುದು. ಕಾಗದದಲ್ಲಿ ಅವನು ಒಡೆಯ. ಕಾಸಿನಲ್ಲಿ ಅವನು ಒಡೆಯನಲ್ಲ. ಆಸ್ತಿಯಿಂದ ಸ್ವಂತ ಲಾಭ ಮಾಡಿಕೊಳ್ಳಬಾರದು, ತನ್ನದರೊಡನೆ ಬೆರೆಸಬಾರದು, ಕೇಳಿದಾಗ ಲೆಕ್ಕ ತೋರಿಸಬೇಕು.

ಫ್ರಾಂಕ್ಲಿನ್ನನ ಎರಡು ಸಾವಿರ ಪೌಂಡು ಏನಾಯಿತು? ಅವನ ಲೆಕ್ಕದಲ್ಲಿ ಒಂದು ಕಾಸೂ ಮುಳುಗುವಂತಿರಲಿಲ್ಲ, ಒಂದು ದಿನವೂ ಹಣ ಸುಮ್ಮನೆ ಮಲಗುವಂತಿರಲಿಲ್ಲ. ಲೋಕ ಹಾಗೆ ನಡೆಯಲಿಲ್ಲ. ಸಾಲ ಪಡೆದವರಲ್ಲಿ ಕೆಲವರು ಸೋತರು, ಕೆಲವರು ಸತ್ತರು, ಜಾಮೀನುದಾರರು ತೆರಬೇಕಾಯಿತು, ಜಾಮೀನು ನಿಲ್ಲಲು ಜನ ಹಿಂಜರಿದರು. ಅದಕ್ಕಿಂತ ದೊಡ್ಡ ಮಾತೆಂದರೆ, ಕಾರ್ಖಾನೆಗಳು ಎದ್ದುವು. ಗುರುವಿನ ಮನೆಯಲ್ಲಿ ಏಳು ವರ್ಷ ದುಡಿದು ಸ್ವಂತ ಅಂಗಡಿ ತೆರೆಯುವ ಯುವ ಕಸಬುದಾರ ಎಂಬ ಜಾತಿಯೇ ಕ್ಷೀಣಿಸಿತು. ಯಾರಿಗಾಗಿ ನಿಧಿ ಬಿಟ್ಟನೋ ಅವರೇ ಇಲ್ಲವಾದರು!

ಆಗ ಎರಡು ಊರುಗಳೂ ಎರಡು ದಾರಿ ಹಿಡಿದುವು. ಬೋಸ್ಟನ್ನಿನವರು ಕೇಳುವವರು ಕಡಿಮೆಯಾದಂತೆ ಹಣವನ್ನು ಒಂದು ವಿಮಾ ಸಂಸ್ಥೆಯಲ್ಲಿ ತೊಡಗಿಸಿ ಬಡ್ಡಿ ಬೆಳೆಯಲು ಬಿಟ್ಟರು. ಫಿಲಡೆಲ್ಫಿಯಾದವರ ಕೈಯಲ್ಲಿ ಹಣ ಅಷ್ಟು ಬೆಳೆಯಲಿಲ್ಲ. ಮೊದಲ ಶತಮಾನ ಮುಗಿದ ಕಾಲಕ್ಕೆ ಬೋಸ್ಟನ್ನಿನ ನಿಧಿ ಸುಮಾರು 3,91,000 ಡಾಲರು. ಫಿಲಡೆಲ್ಫಿಯಾದ್ದು ಅದರ ಕಾಲುಭಾಗದ ಆಸುಪಾಸು. ಆ ಹೊತ್ತಿಗೆ ಸರಿಯಾಗಿ ಫ್ರಾಂಕ್ಲಿನ್ನನ ವಂಶಜರು ಕೋರ್ಟಿಗೆ ಬಂದರು. ಈ ದತ್ತಿ ನ್ಯಾಯಸಮ್ಮತವಲ್ಲ, ಹಣ ನಮಗೆ ಸಲ್ಲಬೇಕು ಎಂದರು. ಅವರ ವಾದ ನಿಲ್ಲಲಿಲ್ಲ.

ಬೋಸ್ಟನ್ನಿನಲ್ಲಿ ಇನ್ನೊಂದು ತೊಡಕು ಎದ್ದಿತು. ಫ್ರಾಂಕ್ಲಿನ್ ಧರ್ಮದರ್ಶಿಗಳಾಗಿ ಹೆಸರಿಸಿದ್ದುದು ಊರಿನ ಆಯ್ದ ಪಂಚರನ್ನು, ಅವರೊಡನೆ ಮೂರು ಪಂಗಡದ ಪಾದ್ರಿಗಳನ್ನು. ಆದರೆ 1822ರಲ್ಲಿ ಬೋಸ್ಟನ್ ನಗರಸಭೆಯಾದಾಗ ಪಂಚರ ಅಧಿಕಾರಸ್ಥಾನವೇ ಅಳಿದುಹೋಗಿತ್ತು. ಹಾಗಾದರೆ ನಿಧಿಯ ಒಡೆತನ ಯಾರಿಗೆ? ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕೋರ್ಟು ಹೊಸ ಧರ್ಮದರ್ಶಿಗಳ ವ್ಯವಸ್ಥೆ ಮಾಡಿತು. ಧರ್ಮದರ್ಶಿ ಇಲ್ಲವಾದನೆಂದು ಧರ್ಮ ಇಲ್ಲವಾಗಕೂಡದು ಎಂಬ ತತ್ತ್ವ ಟ್ರಸ್ಟಿನ ನ್ಯಾಯದಲ್ಲಿ ಬಹು ಹಳೆಯದು. ಅನಂತರ ಆ ಹಣಕ್ಕೆ ಆಂಡ್ರೂ ಕಾರ್ನೆಗಿ ಸರಿಸಮವಾದ ಮೊತ್ತ ಸೇರಿಸಿದ. 1908ರಲ್ಲಿ ಕೈಕಸಬು ಕಲಿಸುವ ಒಂದು ಶಾಲೆ ಫ್ರಾಂಕ್ಲಿನ್ನನ ಹೆಸರಿನಲ್ಲಿ ತೆರೆಯಿತು. ಫಿಲಡೆಲ್ಫಿಯಾದ ಮೊದಲ ಕಂತು ಅಲ್ಲಿಯ ಫ್ರಾಂಕ್ಲಿನ್ ವಿಜ್ಞಾನ ಸಂಸ್ಥೆಯ ಕಟ್ಟಡಕ್ಕೆ ಸಂದಿತು.

1990ರಲ್ಲಿ ಎರಡನೆಯ ಶತಮಾನ ತುಂಬಿತು. ಬೋಸ್ಟನ್ನಿನಲ್ಲಿ ಐವತ್ತು ಲಕ್ಷ ಡಾಲರಿಗೆ ಸಮೀಪದ ಮೊತ್ತವೂ, ಫಿಲಡೆಲ್ಫಿಯಾದಲ್ಲಿ ಇಪ್ಪತ್ತು ಲಕ್ಷದಷ್ಟೂ ಇದ್ದಿತು. ಫ್ರಾಂಕ್ಲಿನ್ ಕನಸಿದ ಮೊತ್ತಕ್ಕಿಂತ ಬಹಳ ಕಡಿಮೆಯೇ ಸರಿ. ಫಿಲಡೆಲ್ಫಿಯಾದ ಊರಪಾಲಿನಿಂದ ಕಸಬು ಕಲಿಯುವ ಎಳೆಯರಿಗೆ ವಿದ್ಯಾರ್ಥಿವೇತನ ಏರ್ಪಟ್ಟಿತು.

ಬೋಸ್ಟನ್ನಿನವರು ಗೆದ್ದರು, ಫಿಲಡೆಲ್ಫಿಯಾದವರು ಸೋತರು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ಈ ತೀರ್ಪನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಫಿಲಡೆಲ್ಫಿಯಾದ ನಿಧಿ ಇಪ್ಪತ್ತನೆಯ ಶತಮಾನದಲ್ಲಿಯೂ ಸಾಧಾರಣ ಜನರಿಗೆ ಮನೆ ಕೊಳ್ಳುವ ಸಾಲವಾಗಿ ಹೋಗುತ್ತಿತ್ತು. ಕರ್ತೃವಿನ ಬಯಕೆ ಹಣ ಬೆಳೆಯಲಿ ಎಂಬುದು ಮಾತ್ರವೇ, ಅಥವಾ ಕೈಹಿಡಿಯುವವರಿಲ್ಲದ ಯುವಕನಿಗೆ ಅದು ಒದಗಲಿ ಎಂಬುದೇ? ಎರಡನ್ನೂ ಅವನು ಒಂದೇ ಪತ್ರದಲ್ಲಿ ಬರೆದ. ಎರಡೂ ಹೊಂದದ ಕಾಲ ಬಂದರೆ ಯಾವುದು ಮೇಲು ಎಂಬುದನ್ನು ಹೇಳಲಿಲ್ಲ. ಅದನ್ನು ಹೇಳಿದ್ದರೆ ಧರ್ಮದರ್ಶಿಗಳಿಗೆ ದಾರಿ ಸುಗಮವಾಗುತ್ತಿತ್ತು. ಇಂದು ಉಯಿಲು ಬರೆಯುವವರು ಇದನ್ನು ಗಮನಿಸಿದರೆ ಒಳ್ಳೆಯದು. ಬಡ್ಡಿಯ ದರವನ್ನೂ ವಯಸ್ಸಿನ ಮಿತಿಯನ್ನೂ ಕಲ್ಲಿನಲ್ಲಿ ಕೊರೆದಂತೆ ಬರೆಯುವುದಕ್ಕಿಂತ, ಮೂಲದ ಉದ್ದೇಶವನ್ನು ಖಚಿತವಾಗಿ ಹೇಳಿ, ದಾರಿಯನ್ನು ಕಾಲಕ್ಕೆ ತಕ್ಕಂತೆ ತಿದ್ದುವ ಸ್ವಾತಂತ್ರ್ಯವನ್ನು ಮುಂದಿನವರಿಗೆ ಬಿಡುವುದು ಲೇಸು. ಒಬ್ಬ ಧರ್ಮದರ್ಶಿಯ ನಂತರ ಯಾರು ಎಂಬುದನ್ನೂ ಬರೆದಿಡಬೇಕು.

ಇನ್ನೊಂದು ಯೋಚನೆ ನನ್ನನ್ನು ಆಗಾಗ ಕಾಡುವುದುಂಟು. ಇನ್ನೂರು ವರ್ಷ ಆಚೆಗೆ ಹುಟ್ಟಲಿರುವ, ತಾನು ಕಾಣದ ಕಮ್ಮಾರನ ಮೇಲೆಯೂ ಬಡಗಿಯ ಮೇಲೆಯೂ ನಂಬಿಕೆಯಿಟ್ಟ ಮನುಷ್ಯನಿಗೆ, ಗಾಳಿಪಟದ ದಾರ ಹಿಡಿದು ಪಕ್ಕದಲ್ಲಿ ನಿಂತಿದ್ದ ಮಗನನ್ನು ಕ್ಷಮಿಸಲಾಗಲಿಲ್ಲ. ಅದಕ್ಕಾಗಿ ಅವನನ್ನು ನಿಂದಿಸುವ ಹಕ್ಕು ನಮಗಿಲ್ಲ. ಮಗನ ಪಕ್ಷ ಗೆದ್ದಿದ್ದರೆ ತಂದೆಯ ಕೊರಳಿಗೆ ನೇಣು ತಪ್ಪುತ್ತಿರಲಿಲ್ಲವೇನೋ. ವಿಲಿಯಂ ಲಂಡನ್ನಿನಲ್ಲಿಯೇ ಉಳಿದು 1813ರಲ್ಲಿ ತೀರಿಕೊಂಡ. ತಂಗಿ ಜೇನ್ ಅಣ್ಣ ಕೊಟ್ಟ ಮನೆಯಲ್ಲಿ, ಅಣ್ಣ ಗೊತ್ತುಮಾಡಿದ ವರ್ಷಾಶನದಲ್ಲಿ ನಾಲ್ಕು ವರ್ಷ ಬದುಕಿ 1794ರಲ್ಲಿ ಕಣ್ಣುಮುಚ್ಚಿದಳು. ನಲವತ್ತು ಲಕ್ಷ ಪೌಂಡಿನ ಲೆಕ್ಕ ತಪ್ಪಿತು. ಈ ಐವತ್ತು ಪೌಂಡಿನ ಏರ್ಪಾಡಿನಲ್ಲಿ ಮಾತ್ರ ತಪ್ಪುವಂಥದೇನೂ ಇರಲಿಲ್ಲ. ಫ್ರಾಂಕ್ಲಿನ್ನನ ಉಯಿಲಿನಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಯಾವುದೆಂದು ಯಾರಾದರೂ ಕೇಳಿದರೆ, ನಾನು ಆ ಹನ್ನೆರಡು ಷೇರುಗಳನ್ನೇ ತೋರಿಸುತ್ತೇನೆ.